ತಿರುವಿನಲ್ಲಿ ಮಾವ ಹಾಕಿದ ನೆಲ

ನನ್ನ ಮಾವ, ಅಂದರೆ ಹೆಂಡತಿಯ ಅಪ್ಪ, ಮೂವತ್ತನಾಲ್ಕು ವರ್ಷ ರೈಲ್ವೆಯಲ್ಲಿ ಗ್ಯಾಂಗ್‌ಮನ್. ಹಳಿ ಬಿಗಿಮಾಡುವುದು, ಜಲ್ಲಿ ತುಂಬುವುದು, ತಿರುವು ಬಂದ ಕಡೆ ರೈಲು ಮಗುಚದಂತೆ ಹೊರಗಿನ ಹಳಿಯನ್ನು ಎತ್ತರಿಸುವುದು. ಈಗಲೂ ಬೀದಿಯಲ್ಲಿ ಹಳಿಯಡಿಯ ಒಂದು ಸ್ಲೀಪರ್ ದಿಮ್ಮಿಯಿಂದ ಇನ್ನೊಂದಕ್ಕೆ ಕಾಲಿಡುವವರಂತೆಯೇ ನಡೆಯುತ್ತಾರೆ. ಜೊತೆಗೆ ಹೊರಟರೆ ನನ್ನ ಹೆಜ್ಜೆ ಒಂದು ಹೆಚ್ಚು, ಇಲ್ಲವೇ ಅರ್ಧ ಕಮ್ಮಿ.

ನಮ್ಮ ಬೀದಿಯ ಮನೆಗಳನ್ನು ಐವತ್ತು ವರ್ಷದ ಹಿಂದೆ ರೈಲ್ವೆ ಕೆಲಸಗಾರರು ಸಹಕಾರ ಸಂಘ ಮಾಡಿಕೊಂಡು, ರಜೆಯ ದಿನಗಳಲ್ಲಿ ತಾವೇ ಇಟ್ಟಿಗೆ ಹೊತ್ತು ಕಟ್ಟಿದ್ದು. ಮಾವನದು ತಿರುವಿನಲ್ಲಿರುವ ಮನೆ. ಮನೆಯಳಿಯನಾದ ನಾನು ಅಲ್ಲಿ ಕೂತು ಹಾಸ್ಯ ಬರೆಯುತ್ತೇನೆ. ನಗುವವರು ಬೇರೆ ಬೀದಿಯಲ್ಲಿದ್ದಾರೆ ಅಂತ ನಂಬಿದ್ದೇನೆ.

ಹೋದ ತಿಂಗಳು ಹಳೇ ಮನೆಗಳನ್ನು ಪರೀಕ್ಷಿಸಲು ಸಂಘದವರು ಇಂಜಿನಿಯರಮ್ಮನನ್ನು ಕರೆಸಿದರು. ಯಾರೂ ಕೇಳದಿದ್ದರೂ ನಾನು ಬಾಯಿ ಹಾಕಿದೆ: “ಮೇಜಿನ ಮೇಲೆ ಪೆನ್ನಿಟ್ರೆ ಬೀದಿ ಕಡೆ ಉರುಳುತ್ತೆ, ಮೇಡಂ.”

ಆಕೆ ರಸಮಟ್ಟ ಇಟ್ಟು ಅಳೆದರು. ಹಿಂಗೋಡೆಯ ಕಡೆ ನೆಲ ಐವತ್ತು ಮಿಲಿಮೀಟರ್ ಎತ್ತರ. “ಬೀದಿ ಕಡೆ ಅಡಿಪಾಯ ಕುಸಿದಿದೆ. ಮನೆ ಖಾಲಿಮಾಡಿ, ಕೆಡವಬೇಕು.”

ಹೆಂಡತಿ ನನ್ನತ್ತ ತಿರುಗಿದಳು. “ಇಷ್ಟು ವರ್ಷ ಬರೆದು ಒಬ್ಬರನ್ನೂ ಅಲ್ಲಾಡಿಸಲಿಲ್ಲ. ಇವತ್ತು ಒಂದೇ ಮಾತಿಗೆ ಮನೇನೇ ಬೀಳಿಸಿದ್ರಲ್ಲ!”

ನಾನು ಕೈಲಿದ್ದ ಪೆನ್ನನ್ನು ಮೇಜಿನ ಮೇಲಿಟ್ಟೆ; ಅದು ಉರುಳಿ ನೆಲಕ್ಕೆ ಬಿತ್ತು. ಮಾವ ಮಾತ್ರ ಕುರ್ಚಿಯಿಂದ ನಿಧಾನವಾಗಿ ಎದ್ದರು. “ಕುಸಿದಿಲ್ಲಮ್ಮ. ಕಟ್ಟುವಾಗ ನಾನೇ ಎತ್ತರಿಸಿದ್ದು.”

“ಯಾಕೆ?”

“ತಿರುವಲ್ವಾ?”

“ಅಪ್ಪಾ, ಮನೆ ಏನು ಓಡುತ್ತಾ?” ಅಂದಳು ಹೆಂಡತಿ.

“ಓಡಲ್ಲ ಅಂತ ನನಗೂ ಆಮೇಲೆ ಹೊಳೀತು. ಅಷ್ಟರಲ್ಲಿ ಗಾರೆ ಗಟ್ಟಿಯಾಗಿತ್ತು.”

ಇಂಜಿನಿಯರಮ್ಮ ನಗು ನುಂಗಿಕೊಂಡರು. “ಬಾಯಿಮಾತು ಸಾಲದು, ಅಜ್ಜ. ಆಗಲೂ ಇಷ್ಟೇ ಇತ್ತು ಅನ್ನೋದಕ್ಕೆ ಗುರುತೇನು?”

“ಗುರುತು ಬರೀದೆ ತಿರುವು ಬಿಟ್ಟು ಬರ್ತೀವಾ? ಅಳಿಯಂದ್ರೆ, ಆ ಬೀರು ಸರಿಸಿ.”

ಬೀರು ಸರಿಸುವಷ್ಟರಲ್ಲಿ ನನ್ನ ಬೆನ್ನು ಹಿಡಿಯಿತು. ಹಿಂದಿನ ಗೋಡೆಯಲ್ಲಿ, ಹಳಿಯ ಮೇಲೆ ಗುರುತು ಬರೆಯುವ ಬಿಳಿ ಬಣ್ಣದಲ್ಲಿ, ಮನೆ ಮುಗಿದ ತಾರೀಖು. ಅದರ ಕೆಳಗೆ: ಎತ್ತರ ೫೦.

ಆಕೆ ಇನ್ನೊಮ್ಮೆ ಅಳೆದರು. ಐವತ್ತೇ. ಅರ್ಧ ಶತಮಾನದಲ್ಲಿ ಕೂದಲೆಳೆಯಷ್ಟೂ ಕದಲಿಲ್ಲ. ವರದಿಯಲ್ಲಿ ಬರೆದರು: “ಅಡಿಪಾಯ ಭದ್ರ. ನೆಲ ಓರೆ; ಕಾರಣ: ಮಾಲೀಕರು.”

ಹೆಂಡತಿ ಗೋಡೆಗೊರಗಿ ಉಸಿರುಬಿಟ್ಟಳು. ನಾನು ನೆಲದ ಮೇಲೇ ಕೂತುಬಿಟ್ಟೆ, ಬೀದಿ ಕಡೆಗೆ ಸ್ವಲ್ಪ ವಾಲಿಕೊಂಡು.

ಮಾವ ಬಿದ್ದಿದ್ದ ಪೆನ್ನು ಎತ್ತಿಕೊಟ್ಟರು. “ಇದು ಉರುಳೋದು ನಿಲ್ಲಿಸಿದ ದಿನ ಹೇಳಿ ಅಳಿಯಂದ್ರೆ. ಅವತ್ತು ಖಾಲಿ ಮಾಡೋಣ.”