ಅಣ್ಣನ ಸಮಾಧಿಯ ಕಳೆ

ವರ್ಲಿ ಬಕ್ನರ್ ಗುದ್ದಲಿ ಹಿಡಿದಳೆಂದರೆ ಸಮಾಧಿ ನೆಲದಲ್ಲಿ ಹುಲ್ಲಿನ ಎಸಳೂ ಉಳಿಯುತ್ತಿರಲಿಲ್ಲ. ನಾರ್ತ್ ಕ್ಯಾರೊಲಿನಾದ ಆ ಬೆಟ್ಟದೂರಿನಲ್ಲಿ ಸತ್ತವರ ಮೇಲೆ ಹುಲ್ಲು ಬೆಳೆಯಲು ಬಿಟ್ಟರೆ ಮನೆತನಕ್ಕೇ ನಾಚಿಕೆ. ಮೇ ತಿಂಗಳ ಹೂವಿನ ಭಾನುವಾರಕ್ಕೆ ಮುಂಚೆ ನೆಲವನ್ನೆಲ್ಲ ಕೆರೆದು, ಮಣ್ಣನ್ನು ದಿಬ್ಬ ಮಾಡಿ, ಮೇಲೆ ಕಾಗದದ ಹೂ ಇಡಬೇಕು. ಆಮೇಲೆ ಅಲ್ಲೇ ಮರದಡಿ ಎಲ್ಲರಿಗೂ ಊಟ. ವರ್ಲಿಗೆ ಅಷ್ಟು ಸಾಲದು. ಬೇಸಿಗೆಯ ನಡುವೆ ಇನ್ನೊಮ್ಮೆ ಹೋಗಿ ಕೆರೆದು ಬರುತ್ತಿದ್ದಳು. ಮದುವೆಯಿಲ್ಲ, ಮಕ್ಕಳಿಲ್ಲ. ಸತ್ತವರೇ ಅವಳ ಸಂಸಾರವೆಂದು ಊರು ನಗುತ್ತಿತ್ತು.

"ನಿನ್ನ ಗುದ್ದಲಿಗೆ ಹೆದರಿ ಸತ್ತೋರೂ ಮಗ್ಗುಲು ಬದಲಾಯಿಸಲ್ಲಮ್ಮ" ಎಂದು ಪಾದ್ರಿ ಛೇಡಿಸಿದರೆ, "ನಿಮ್ಮ ಸರದಿ ಬರ್ಲಿ ಪಾದ್ರಿಗಳೇ, ನಿಮ್ಮನ್ನೂ ಚೊಕ್ಕಟವಾಗಿ ಇಡ್ತೀನಿ" ಎನ್ನುವಳು.

ಅಣ್ಣ ಆರ್ವಿಲ್‌ನ ಸಮಾಧಿ ಅಂಚಿನಲ್ಲಿ, ಓಕ್ ಮರದ ನೆರಳಲ್ಲಿತ್ತು. ಅಲ್ಲಿ ಮಾತ್ರ ಹೃದಯದ ಆಕಾರದ ಎಲೆಯ ಕಳೆಯೊಂದು ಪ್ರತಿ ವರ್ಷವೂ ಹಟ ಹಿಡಿದು ಹುಟ್ಟುತ್ತಿತ್ತು. "ಹಾಳು ಕಳೆ, ನಮ್ಮಣ್ಣನ್ನೇ ಹುಡುಕ್ಕೊಂಡು ಬರುತ್ತೆ" ಎಂದು ಬೈದು ಬೇರುಸಹಿತ ಕಿತ್ತೆಸೆಯುವಳು.

ಅತ್ತಿಗೆ ಟೆನ್ನಿ ಕಣಿವೆಯ ಆಚೆ ಬದಿಯಲ್ಲಿ ಒಬ್ಬಳೇ ಇದ್ದಳು. ಚಿಕ್ಕಂದಿನಲ್ಲಿ ವರ್ಲಿಯ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವಳು. ಈಗ ಹೂವಿನ ಭಾನುವಾರದಂದು ಮಾತ್ರ ಬಂದು, ತಾನು ಮಾಡಿ ತಂದ ಸೇಬಿನ ಕೇಕನ್ನು ಮೇಜಿನ ಮೇಲಿಟ್ಟು, ದೂರ ಕೂತು ಉಂಡು ಹೋಗುವಳು. ಬಿಂಕ ನೋಡು, ಎಂದುಕೊಂಡ ವರ್ಲಿ ತಾನೂ ಮಾತಾಡಿಸುತ್ತಿರಲಿಲ್ಲ.

ಒಂದು ವರ್ಷ ಚಳಿಗಾಲದಲ್ಲಿ ವರ್ಲಿ ಜಾರಿಬಿದ್ದು ಕಾಲು ಮುರಿದುಕೊಂಡಳು. ಆ ಸಲ ಊರ ಗಂಡಸರು ನೆಲ ಕೆರೆದರು. ಗಂಡಸರ ಕೆಲಸ ಕೇಳಬೇಕೆ, ನಡುವೆ ಕೆರೆದು ಅಂಚನ್ನು ಬಿಟ್ಟರು. ಸೆಪ್ಟೆಂಬರ್ ಕೊನೆಗೆ ಅವಳು ಕೋಲೂರಿಕೊಂಡು ಹತ್ತಿ ಹೋದಾಗ ಆರ್ವಿಲ್‌ನ ಸುತ್ತ ಬಿಳಿ ಹೂ ತುಂಬಿತ್ತು. ಕಾಡು ಆಸ್ಟರ್. ಉಳಿದ ಹೂಗಳೆಲ್ಲ ಮುಗಿದ ಮೇಲೆ ಮರಗಳಡಿ ಅರಳುವ ಹೂ, ಹುಟ್ಟಿದಂದಿನಿಂದ ಕಂಡದ್ದೇ. ಹೂವಿಲ್ಲದ ಕಾಲದಲ್ಲಿ ಅದರ ಎಲೆ ಹೇಗಿರುತ್ತದೆಂದು ಮಾತ್ರ ಅವಳು ಗಮನಿಸಿರಲಿಲ್ಲ. ಗಿಡಗಳು ಸಾಲಾಗಿ ನಿಂತಿದ್ದವು. ಕಾಡಿನ ಗಿಡ ತಾನಾಗಿ ಸಾಲು ಹಿಡಿಯುವುದಿಲ್ಲ. ಬಗ್ಗಿ ನೋಡಿದರೆ ಬುಡದಲ್ಲಿ, ತಾನು ವರ್ಷವರ್ಷ ಕಿತ್ತೆಸೆದ ಅದೇ ಹೃದಯದ ಆಕಾರದ ಎಲೆ.

ಆರ್ವಿಲ್‌ಗೆ ಹೂ ನೆಡುವವಳು ಅವನ ಹೆಂಡತಿಯಲ್ಲದೆ ಇನ್ಯಾರು? ಅಲ್ಲಿಂದ ನೇರ ಟೆನ್ನಿಯ ಮನೆಗೆ ಹೋದಳು. ಟೆನ್ನಿ ಜಗಲಿಯಲ್ಲಿ ಕೂತು ಒಣಗಿಸಲು ಹುರುಳಿಕಾಯಿ ಪೋಣಿಸುತ್ತಿದ್ದಳು.

"ಆ ಹೂವಿನ ಗಿಡ ನೀನು ಹಾಕಿದ್ದಾ?"

"ಮತ್ತೆ ದೇವದೂತರು ಬಂದು ಹಾಕಿದ್ರಾ? ಕಾಗದದ ಹೂ ಬೇಡ, ಇದು ಬೇಕು ಅಂತ ಸಾಯೋಕೆ ಮುಂಚೆ ಅವನೇ ಕೇಳಿದ್ದ. ಎಲೆ ಉದುರೋ ಕಾಲದಲ್ಲಿ ಬೀಜ ಚೆಲ್ತಿದ್ದೆ. ಮಣ್ಣು ಮುಚ್ಚಬಾರದು, ಚಳಿ ತಿಂದ್ರೇನೇ ಮೊಳಕೆ. ಮೊದಲ ವರ್ಷ ಬರೀ ಎಲೆ, ಎರಡನೇ ವರ್ಷ ಹೂ. ಆ ಎರಡನೇ ವರ್ಷ ನೀನು ಯಾವತ್ತು ಕೊಟ್ಟೆ? ಕೊನೆಗೆ ಈ ಸಲ ಹಿಮ ಕರಗಿದ ಮೇಲೆ ಕಾಡಿಂದ ಬುಡ ಅಗೆದು ತಂದು, ಚಾಕುವಿನಲ್ಲಿ ಸೀಳಿ ನೆಟ್ಟೆ. ನಿನ್ನ ಕಾಲು ಮುರಿದಿದ್ದಕ್ಕೆ ಉಳೀತು."

"ನಂಗೆ ಗೊತ್ತಿರ್ಲಿಲ್ಲ ಕಣೆ! ಕಳೆ ಅಂದ್ಕೊಂಡೆ. ಒಂದು ಮಾತು ಹೇಳಬಾರ್ದಿತ್ತಾ?"

ಟೆನ್ನಿಯ ಸೂಜಿ ನಿಂತಿತು. "ಗೊತ್ತಿರ್ಲಿಲ್ವಾ? ಬೇಕಂತ್ಲೇ ಕೀಳ್ತೀಯ ಅಂದ್ಕೊಂಡಿದ್ದೆ. ಅವನನ್ನ ಮಣ್ಣು ಮಾಡಿದ ದಿನ ಎಲ್ಲರೆದುರು ಅಂದ್ಯಲ್ಲ, ನಾನೇ ಅವನನ್ನ ಬಟ್ಟೆ ಗಿರಣಿ ಕೆಲಸಕ್ಕೆ ಕರ್ಕೊಂಡು ಹೋಗಿ ಎದೆ ತುಂಬ ಹತ್ತಿ ಧೂಳು ತುಂಬಿಸಿ ಕೊಂದೆ ಅಂತ. ನನ್ನ ಕೈಯಿನ ಹೂ ಅವನಿಗೆ ಸೋಕಬಾರದು ಅನ್ನೋದು ನಿನ್ನ ಹಟ ಅಂದ್ಕೊಂಡೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಡಿದವಳಿಗೆ ಅದು ಮರೆತೇ ಹೋಗಿತ್ತು. ಈಗ ಒಂದೊಂದು ಶಬ್ದವೂ ನೆನಪಾಗಿ ವರ್ಲಿ ಕೋಲು ಬದಿಗಿಟ್ಟು ಮೆಟ್ಟಿಲ ಮೇಲೆ ಕೂತಳು. ಗೊತ್ತಿದ್ದರೆ ಕೀಳುತ್ತಿರಲಿಲ್ಲ ಎನ್ನಬೇಕೆಂದು ಬಾಯಿ ತೆರೆದಳು. ಆದರೆ ಸುಳ್ಳು ಹೊರಡಲಿಲ್ಲ.

"ಮೊದಮೊದಲು ಗೊತ್ತಿದ್ರೂ ಕೀಳ್ತಿದ್ದೆನೇನೋ, ಟೆನ್ನಿ. ಅಷ್ಟು ಸಿಟ್ಟಿತ್ತು ನಿನ್ನ ಮೇಲೆ."

ಟೆನ್ನಿ ಹುರುಳಿಕಾಯಿಯ ಸರವನ್ನು ಪಕ್ಕಕ್ಕಿಟ್ಟು ಅವಳತ್ತ ತಿರುಗಿದಳು.

"ಅದನ್ನಾದ್ರೂ ಆಗಲೇ ಬಂದು ಹೇಳಿದ್ರೆ ಜುಟ್ಟು ಹಿಡಿದು ಜಗಳ ಆಡಿ ಮುಗಿಸ್ತಿದ್ವಲ್ಲೇ. ಇಷ್ಟು ವರ್ಷ ಇಬ್ಬರೂ ಒಬ್ಬೊಬ್ಬರೇ ಕೂತು ಉಣ್ಣೋದು ತಪ್ತಿತ್ತು."