ಮೋಟರ್‌ಸೈಕಲ್ಲಿನ ಪೆಟ್ಟಿಗೆ ಮತ್ತು ನನ್ನ ಬಾಯಿ

ಎಲುಬಿಲ್ಲದ ನಾಲಿಗೆ ಎನ್ನುತ್ತಾರಲ್ಲ, ನನ್ನದಕ್ಕೆ ಎಲುಬಷ್ಟೇ ಅಲ್ಲ, ಬ್ರೇಕೂ ಇರಲಿಲ್ಲ. ಮೂರನೆಯ ಇಯತ್ತೆಯಲ್ಲಿ ಬಾಗಿಲ ಹೊರಗೆ ನಿಂತು ಹೆಡ್‌ಮಾಸ್ತರರ ಕೆಮ್ಮು ಕೆಮ್ಮಿ ಇಡೀ ವರ್ಗವನ್ನು ಎಬ್ಬಿಸಿ ನಿಲ್ಲಿಸಿದವನು ನಾನು. ನಮ್ಮ ಸೊಸೈಟಿಯ ಸೆಕ್ರೆಟರಿ, ಮೆಂತ್ಯೆ ಮಾರುವ ಮಾವಶಿ, ಹಿಂದಕ್ಕೆ ಸರಿಯುವ ಟೆಂಪೊ, ಹೆಣ್ಣು ನೋಡಲು ಹೋಗಿ ಹುಡುಗಿಯ ಅಪ್ಪನ ಎದುರು ಬೆವರುವ ನಾನೇ, ಎಲ್ಲರ ದನಿಯೂ ನನ್ನ ಗಂಟಲಲ್ಲಿತ್ತು. ನನ್ನ ಸ್ವಂತ ದನಿ ಯಾವುದೆಂದು ಕೇಳಿದರೆ ಮಾತ್ರ ಸ್ವಲ್ಪ ಹುಡುಕಬೇಕಾಗುತ್ತಿತ್ತು.

ಪುಣೆಯ ಭೋಸರಿಯಲ್ಲಿ ನನ್ನ ಸೋದರಮಾವನ ಶೆಡ್ ಇದೆ. ಕಾರ್ಖಾನೆಯ ಯಂತ್ರಗಳು ಹಡಗು ಹತ್ತುವ ಮೊದಲು ಅವಕ್ಕೆ ಕಟ್ಟಿಗೆಯ ಪೆಟ್ಟಿಗೆ ಮಾಡಿಕೊಡುವುದು ಅಲ್ಲಿಯ ಕೆಲಸ. ಡಿಪ್ಲೊಮಾ ನನಗೆ ಎರಡು ಸಲ ಕೈಕೊಟ್ಟ ಮೇಲೆ ಮಾಮಾ ನನ್ನ ಕೈಗೆ ಟೇಪು ಕೊಟ್ಟು ಅಳತೆ ತೆಗೆಯಲು ನಿಲ್ಲಿಸಿದ. ನಾನು ಅಳತೆಗಿಂತ ಹೆಚ್ಚಾಗಿ ಬಂದವರ ದನಿ ತೆಗೆದೆ. ಗಿರಾಕಿ ಗೇಟು ದಾಟುವ ತನಕ ತಡೆದುಕೊಳ್ಳುತ್ತಿದ್ದೆ, ಅಷ್ಟು ಮರ್ಯಾದೆ ಇತ್ತು. ಆಮೇಲೆ ಮಾಮಾನೇ ಗರಗಸ ನಿಲ್ಲಿಸಿ, "ಹಾಂ, ಇವನ್ದು ತಗಿ ನೋಡೂಣು" ಅನ್ನುತ್ತಿದ್ದ.

ಕಳೆದ ವರ್ಷ ದೀಪಾವಳಿ ಮುಗಿದ ವಾರ ಆ ಶೆಡ್ಡಿಗೆ ಒಬ್ಬ ಹೆಂಗಸು ಹಳೆಯ ಮೋಟರ್‌ಸೈಕಲ್ ಹೊಡೆದುಕೊಂಡು ಬಂದರು. ವಯಸ್ಸು ಐವತ್ತು ದಾಟಿತ್ತು, ಮೂಗಿನಲ್ಲಿ ಧಾರವಾಡದ ಮೂಗುತಿ, ಕಾಲಲ್ಲಿ ಕಾರ್ಖಾನೆಯವರು ಹಾಕುವ ಗಟ್ಟಿ ಬೂಟು. ಪಿಂಪ್ರಿಯ ಒಂದು ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಯಂತ್ರಗಳ ನಕ್ಷೆ ಬರೆದು ನಿವೃತ್ತರಾದವರು. ಬೋರ್ಡಿನ ಮೇಲೆ ಕನ್ನಡ ಹೆಸರು ಕಂಡು ನಮ್ಮ ಶೆಡ್ಡಿಗೇ ಬಂದಿದ್ದರು.

"ಇದನ್ನ … ಮೊಂಬಾಸಾಕ್ಕ ಕಳಸೂದದ ತಮ್ಮಾ. ಪೆಟಗಿ ಮಾಡಿ ಕೊಡ್ತೀರೇನು?"

"ಗಾಡಿ ಅಷ್ಟ ಕಳಸ್ತೀರೋ, ನೀವೂ ಪೆಟಗ್ಯಾಗ ಕೂಡ್ತೀರೋ ಅಕ್ಕಾರ?"

ಅವರು ಬಾಯಿ ತುಂಬ ನಕ್ಕರು. "ಪೆಟಗಿ ದೊಡ್ಡದಾದ್ರ ಹಡಗಿನವ್ರು ಬಾಡಿಗಿ ಹೆಚ್ಚ್ ಹಾಕ್ತಾರಪಾ. ನಾ ವಿಮಾನದಾಗ ಹೋಗಿ ಇದರ ದಾರಿ ಕಾಯ್ತೀನಿ."

ಮಾತಿನ ನಡುವೆ ಕೆಲವು ಶಬ್ದಗಳು ಅವರಿಗೆ ದಾರಿ ಬಿಡುತ್ತಿರಲಿಲ್ಲ. ಮೊದಲ ದಿನ ನಾನು ಸೌಜನ್ಯ ತೋರಿಸುತ್ತಿದ್ದೇನೆಂದುಕೊಂಡು ಅವರ ಮಾತು ನಿಂತಲ್ಲೆಲ್ಲ ಶಬ್ದವನ್ನು ನಾನೇ ಮುಗಿಸಿಕೊಟ್ಟೆ. ನಾಲ್ಕರಲ್ಲಿ ಮೂರು ತಪ್ಪು ಶಬ್ದ. ಅವರು ಬೇಸರಿಸದೆ ತಲೆಯಾಡಿಸಿ, ತಮಗೆ ಬೇಕಾದ ಶಬ್ದ ಬರುವ ತನಕ ಕಾದು ಅದನ್ನೇ ಹೇಳುತ್ತಿದ್ದರು.

ಮೊಂಬಾಸಾ ಬಂದರಿನಲ್ಲಿ ಗಾಡಿ ಬಿಡಿಸಿಕೊಂಡು ಆಫ್ರಿಕಾದ ದಕ್ಷಿಣದ ತುದಿಯವರೆಗೆ ಒಬ್ಬರೇ ಹೋಗುವುದು ಅವರ ಯೋಜನೆ. ಅದಕ್ಕೆ ಕಾರ್ನೆ ಎಂಬೊಂದು ಪುಸ್ತಕ ಬೇಕು, ಗಾಡಿಯ ಪಾಸ್‌ಪೋರ್ಟ್ ಎಂದುಕೊಳ್ಳಿ. ಪ್ರತಿ ದೇಶದ ಗಡಿಯಲ್ಲೂ ಅಧಿಕಾರಿ ಗಾಡಿಯ ನಂಬರು ತಾಳೆ ನೋಡಿ, ನಾಲ್ಕು ಪ್ರಶ್ನೆ ಕೇಳಿ, ಮುದ್ರೆ ಒತ್ತಿ ಒಂದು ಚೀಟಿ ಹರಿದುಕೊಳ್ಳುತ್ತಾನೆ. ಅಕ್ಕಾರು ಆ ಪುಸ್ತಕವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎದೆಗೆ ಒತ್ತಿ ಹಿಡಿದುಕೊಂಡು ನನಗೆ ಹೇಳಿದ್ದು ನೆನಪಿದೆ:

"ಗಾಡಿ ಹೊಡಿಯೂದಕ್ಕ ನಂಗ ಹೆದರಿಕಿ ಇಲ್ಲ ತಮ್ಮಾ. ಗಡಿಯೊಳಗ ನಿಂತು ಮಾತಾಡೂದs ಹೆದರಿಕಿ. ಇಪ್ಪತ್ತೆಂಟು ವರ್ಷ ನಕ್ಷೆ ನಾ ಬರದೆ, ಮೀಟಿಂಗಿನ್ಯಾಗ ಅದರ … ಬಗ್ಗೆ ಮಾತು ಮಾತ್ರ ಬ್ಯಾರೆಯವ್ರು ಆಡಿದ್ರು. ಈಗ ಏಳು ಗಡಿ ಅವ. ಏಳೂ ಕಡೆ ನಾನs ಮಾತಾಡ್ಬೇಕು. ಅದಕ್ಕs ಹೊಂಟೀನಿ ಅಂತ ತಿಳಕೋ."

ನನಗೆ ಹುರುಪು ಬಂತು. "ಹಂಗಾರ ನಾ ಆಫೀಸರ್ ಆಗ್ತೀನಿ, ರಿಹರ್ಸಲ್ ಮಾಡೂಣ್ರಿ" ಎಂದೆ. ನಾಲ್ಕು ಶನಿವಾರ ಅದೇ ನಡೆಯಿತು. ಪ್ಲೈವುಡ್ಡಿನ ರಾಶಿಯೇ ನನ್ನ ಮೇಜು. ನಿದ್ದೆಗಣ್ಣಿನ ಅಧಿಕಾರಿ, ಎಲೆಯಡಿಕೆ ಮೆಲ್ಲುವ ಅಧಿಕಾರಿ, ಹೆಂಡತಿಯ ಮೇಲಿನ ಸಿಟ್ಟನ್ನು ಮುದ್ರೆಯ ಮೇಲೆ ತೀರಿಸುವ ಅಧಿಕಾರಿ, ಎಲ್ಲರೂ ನಾನೇ. "ಹೂಸ್ ವೆಹಿಕಲ್?" ಎಂದು ಗದರಿದರೆ ಅಕ್ಕಾರು ನೆಟ್ಟಗೆ ನಿಂತು, "ದಿಸ್ … ಮೋಟರ್‌ಸೈಕಲ್ ಇಸ್ ಮೈನ್. ಐ ಆಮ್ ದ ಓನರ್" ಎನ್ನುತ್ತಿದ್ದರು. ನಾಲ್ಕನೆಯ ಶನಿವಾರದ ಹೊತ್ತಿಗೆ ನನ್ನ ಯಾವ ಗದರಿಕೆಗೂ ಅವರು ಕಣ್ಣು ಕೆಳಗೆ ಹಾಕುತ್ತಿರಲಿಲ್ಲ. ಹೋಗುವಾಗ, "ನೀ ಭಾಳ ಉಪಕಾರ ಮಾಡಿದಿ ತಮ್ಮಾ" ಎಂದು ಮನೆಯಲ್ಲಿ ಮಾಡಿದ ಕರದಂಟಿನ ಡಬ್ಬಿ ಇಟ್ಟು ಹೋದರು.

ಕರದಂಟು ಹಲ್ಲಿನ ಸಂದಿಯಿಂದ ಇನ್ನೂ ಹೋಗಿರಲಿಲ್ಲ, ಅದೇ ಸಂಜೆ ಚಹದ ಟಪರಿಯಲ್ಲಿ ಗೆಳೆಯರು, "ಇವತ್ತ್ ಯಾರದಪಾ ಪಾಳಿ?" ಎಂದರು. ನಾನು ಅಕ್ಕಾರನ್ನು ತೆಗೆದೆ. ಆಫ್ರಿಕಾದ ಅಧಿಕಾರಿ ಪ್ರಶ್ನೆ ಕೇಳುತ್ತಾನೆ, ಅಕ್ಕಾರು "ಮೊ-ಮೊ-ಮೊ-ಮೊ" ಎಂದು ಶುರು ಮಾಡುತ್ತಾರೆ, ಅಧಿಕಾರಿ ಊಟ ಮಾಡಿ ಬರುತ್ತಾನೆ, ನಿದ್ದೆ ಮಾಡಿ ಏಳುತ್ತಾನೆ, ಅವನಿಗೆ ನಿವೃತ್ತಿಯಾಗಿ ಹಾರ ಹಾಕುತ್ತಾರೆ, ಆಗ "…ಟರ್‌ಸೈಕಲ್" ಬರುತ್ತದೆ. ಗೆಳೆಯರು ಬೆಂಚಿನಿಂದ ಬಿದ್ದು ನಕ್ಕರು. ಒಬ್ಬ ಮೊಬೈಲಿನಲ್ಲಿ ರೆಕಾರ್ಡ್ ಮಾಡುತ್ತಿದ್ದ.

ಆ ಕ್ಷಣದಲ್ಲಿ ನಾನು ಅವನನ್ನು ತಡೆದೆ ಎಂದು ಬರೆಯಲು ನನಗೆ ಆಸೆಯಿದೆ. ತಡೆದದ್ದೂ ನಿಜ. "ತಡಿಯೋ, ನಡುವ ಬಸ್ಸಿನ ಸಪ್ಪಳ ಬಂತು, ಇನ್ನೊಮ್ಮೆ ಛಲೋ ಮಾಡ್ತೀನಿ" ಎಂದೆ. ಮಾಡಿದೆ ಕೂಡ. ಎರಡನೆಯ ಸಲ ಇನ್ನೂ ನಾಲ್ಕು "ಮೊ" ಹೆಚ್ಚು ಹಾಕಿದೆ.

ನಾಲ್ಕು ಜನರ ಗುಂಪಿಗೆ ಕಳಿಸಿದ್ದು ಮೂರು ದಿನದಲ್ಲಿ ಪುಣೆಯ ಕನ್ನಡದವರ ಮೊಬೈಲುಗಳನ್ನೆಲ್ಲ ಸುತ್ತಿತು. ಅದರಲ್ಲಿ ಯಾರ ಹೆಸರೂ ಇರಲಿಲ್ಲ, ಸರಿ. ಆದರೆ ಮೋಟರ್‌ಸೈಕಲ್ಲನ್ನು ಆಫ್ರಿಕಾಕ್ಕೆ ಕಳಿಸುವ ಧಾರವಾಡದ ಹೆಂಗಸರು ಪುಣೆಯಲ್ಲಿ ಎಷ್ಟು ಜನ ಇದ್ದಾರು? ಅಕ್ಕಾರ ಮಗಳಿಗೆ ಅವಳ ಅತ್ತೆಯ ಕಡೆಯವರಿಂದ ಬಂದಿತ್ತಂತೆ. ನನಗೆ ಆ ಸುಳಿವು ಇರಲಿಲ್ಲ. ಆ ವಾರ ನಾನು ಹೋದಲ್ಲೆಲ್ಲ, "ಏ ಮೊ-ಮೊ, ಒಮ್ಮೆ ಮಾಡಲೇ" ಎನ್ನುತ್ತಿದ್ದರು. ದಿನಕ್ಕೆ ಹತ್ತು ಸಲ ಮಾಡಿದೆ. ಕಲಾವಿದನೆಂದರೆ ಹೀಗೇ ಇರಬೇಕು ಎಂದುಕೊಂಡೆ.

ಗುರುವಾರ ಗಾಡಿ ಕಟ್ಟುವ ದಿನ. ಅಕ್ಕಾರು ಬಂದವರು ನನಗೆ ಕೈಮುಗಿದು, "ನಮಸ್ಕಾರ್ರಿ" ಎಂದರು.

ಆ "ರಿ" ಕೇಳಿದ ಕೂಡಲೇ ನನಗೆ ಎಲ್ಲ ಗೊತ್ತಾಯಿತು. ನಾಲ್ಕು ಶನಿವಾರ "ತಮ್ಮಾ, ನೀ" ಎಂದವರು ಒಮ್ಮೆಲೇ ನನಗೆ ಬಹುವಚನ ಹಚ್ಚಿದ್ದರು. ಬೈದಿದ್ದರೆ ಬೈದ ದನಿಯನ್ನಾದರೂ ನಾನು ಇಟ್ಟುಕೊಳ್ಳುತ್ತಿದ್ದೆನೇನೋ. ಮರ್ಯಾದೆ ಕೊಟ್ಟರೆ ಏನು ಮಾಡುವುದು?

ಪೆಟ್ರೋಲು ಖಾಲಿ ಮಾಡಿದೆವು, ಬ್ಯಾಟರಿಯ ತಂತಿ ಬಿಚ್ಚಿ ಟೇಪು ಸುತ್ತಿದೆವು, ಕನ್ನಡಿ ತೆಗೆದೆವು, ಪೆಟ್ಟಿಗೆ ಗಿಡ್ಡವಾಗಲೆಂದು ಮುಂದಿನ ಗಾಲಿ ಕಳಚಿದೆವು. ಮಣ್ಣಿದ್ದರೆ ಮೊಂಬಾಸಾದಲ್ಲಿ ತಕರಾರು ಮಾಡುತ್ತಾರೆಂದು ಅಕ್ಕಾರು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಟೈರಿನ ಗೆರೆಗೆರೆ ಉಜ್ಜಿದರು. ಮೂರು ತಾಸಿನಲ್ಲಿ ಅವರು ಒಂದೇ ಮಾತು ಆಡಿದ್ದು, ಅದೂ ಮಾಮಾನ ಹತ್ತಿರ.

"ಹಡಗಿನ ಬುಕಿಂಗ್ … ಬಿಟ್ರ ಏನಾಗ್ತದ್ರಿ?"

"ಯಾಕ್ರಿ ಅಕ್ಕಾರ? ಎಲ್ಲಾ ಮುಗದದಲ್ಲ!" ಎಂದ ಮಾಮಾ.

"ಸುಮ್ಮ ಕೇಳಿದೆ."

ಆಮೇಲೆ ನನ್ನ ಕಡೆ ತಿರುಗಿ ಒಂದು ಹಾಳೆ ಕೊಟ್ಟರು. ನಕ್ಷೆಯ ಮೇಲೆ ಬರೆಯುವಂಥ ನೆಟ್ಟಗಿನ ಅಕ್ಷರಗಳಲ್ಲಿ, ಕಸ್ಟಮ್ಸ್‌ನವರು ಕೇಳಬಹುದಾದ ಪ್ರಶ್ನೆ ಮತ್ತು ಅವುಗಳ ಉತ್ತರಗಳಿದ್ದವು. "ನನ್ನ ದನಿ ನನಗಿಂತ ನಿಮಗ ಛಲೋ ಬರ್ತದಂತ. ನಾಳೆ ಕಸ್ಟಮ್ಸ್ ಡಿಪೊದಾಗ ನೀವs ಮಾತಾಡ್ರಿ. ಅಲ್ಲಿಂದ ಮುಂದ ಹೋಗೂದೋ ಬಿಡೂದೋ ನೋಡ್ತೀನಿ."

ಅವರು ಹೋದ ಮೇಲೆ ಮಾಮಾ ಶೆಡ್ಡಿನ ಗರಗಸದವನ ಮೊಬೈಲಿನಲ್ಲಿ ಆ ರೆಕಾರ್ಡಿಂಗ್ ಕೇಳಿದ. ಎಲ್ಲರಿಗಿಂತ ಮೊದಲು ನಗುತ್ತಿದ್ದ ಮನುಷ್ಯ ಕೊನೆಯವರೆಗೆ ಕೇಳಿ, "ನಿಂದs ಏನ್?" ಎಂದ.

"ಹೂಂ."

"ಅವರು ಕೊಟ್ಟ ಕರದಂಟು ನಾನೂ ತಿಂದೇನಿ" ಎಂದಷ್ಟೇ ಹೇಳಿ ಶೆಡ್ಡಿನ ಬಾಗಿಲು ಹಾಕಲು ಹೋದ.

ಕ್ಷಮೆ ಕೇಳಬೇಕೆಂದು ಮನೆಯಲ್ಲಿ ಕನ್ನಡಿಯ ಮುಂದೆ ನಿಂತೆ. "ತಪ್ಪಾತ್ರಿ ಅಕ್ಕಾರ" ಎಂದರೆ ನಾಟಕದ ಖಳನಾಯಕ ಕಾಲಿಗೆ ಬಿದ್ದಂತೆ ಕೇಳಿಸಿತು. ದನಿ ತಗ್ಗಿಸಿ ಹೇಳಿದರೆ ಬ್ಯಾಂಕಿನಿಂದ ಫೋನ್ ಮಾಡುವ ಹುಡುಗಿಯಂತೆ. ಯಾವ ದನಿಯಲ್ಲಿ ಹೇಳಿದರೂ ಅದು ಬೇರೆ ಯಾರದೋ ಆಗುತ್ತಿತ್ತು. ಮರುದಿನ ಡಿಪೊಗೆ ಹೋಗುವ ದಾರಿಯಲ್ಲೆಲ್ಲ ಅಕ್ಕಾರು ಪಕ್ಕದಲ್ಲೇ ಕುಳಿತಿದ್ದರು. ನಾನು ಟ್ರಾಫಿಕ್ಕಿನ ಬಗ್ಗೆ ಮಾತಾಡಿದೆ.

ಡಿಪೊದಲ್ಲಿ ಮಾಮಾನ ಪಿಕಪ್ಪಿನಿಂದ ಪೆಟ್ಟಿಗೆ ಇಳಿಸಿದರು. ಒಂದು ಬದಿಯ ಹಲಗೆಗೆ ಮೊಳೆ ಹೊಡೆದಿರಲಿಲ್ಲ, ಅಧಿಕಾರಿ ನೋಡಿದ ಮೇಲೆ ಮುಚ್ಚಬೇಕು. ಬಂದ ಅಧಿಕಾರಿ ಮರಾಠಿಯವರು, ಕನ್ನಡಕ ಹಣೆಯ ಮೇಲೆ, ಗಡಿಬಿಡಿಯೇನೂ ಇರಲಿಲ್ಲ. ಕಾರ್ನೆಯ ಪುಟ ತಿರುಗಿಸಿ ಸಹಜವಾಗಿ ಕೇಳಿದರು: "ಕೋಣಾಚೀ ಗಾಡೀ?" ಗಾಡಿ ಯಾರದು, ಅಷ್ಟೇ.

ಹಾಳೆಯ ಮೊದಲ ಸಾಲಿನಲ್ಲೇ ಉತ್ತರವಿತ್ತು, ಮೋಟರ್‌ಸೈಕಲ್ ಎಂಬ ಶಬ್ದದಿಂದಲೇ ಶುರು. ನಾನು ಬಾಯಿ ತೆರೆದೆ.

"ಮೊ-ಮೊ-ಮೊ…"

ದೇವರಾಣೆ, ಬೇಕೆಂದು ಮಾಡಲಿಲ್ಲ. ಆ ವಾರವೆಲ್ಲ ಆ ಶಬ್ದವನ್ನು ಹಾಗೆ ಬಿಟ್ಟರೆ ಬೇರೆ ರೀತಿ ಹೇಳಿಯೇ ಇರಲಿಲ್ಲ, ಹೆದರಿದ ಬಾಯಿ ರೂಢಿಯ ದಾರಿಯನ್ನೇ ಹಿಡಿಯಿತು. ಅಧಿಕಾರಿಯ ಕನ್ನಡಕ ಹಣೆಯಿಂದ ಮೂಗಿಗೆ ಇಳಿಯಿತು. "ಕಾಯ್ ರೇ, ಥಟ್ಟಾ ಕರ್ತೋಸ್ ಕಾ?" ಎಂದರು. ತಮಾಷೆ ಮಾಡುತ್ತೀಯಾ ಎಂದು. ನಾನು ಇಲ್ಲ ಎನ್ನಲು ಹೋಗಿ ಮತ್ತೆ "ಮೊ" ಎಂದೆ. ಹಿಂದೆ ಅಕ್ಕಾರು ನಿಂತಿದ್ದರು. ತಿರುಗಿ ನೋಡುವ ಧೈರ್ಯ ನನಗಿರಲಿಲ್ಲ. ಬೆನ್ನಿನಿಂದಲೇ ಅವರು ಅಲ್ಲಿ ನಿಂತದ್ದು ಗೊತ್ತಾಗುತ್ತಿತ್ತು.

ಅಕ್ಕಾರು ನನ್ನ ಕೈಯಿಂದ ಹಾಳೆ ತೆಗೆದುಕೊಂಡರು. ಮಡಚಿ ಜೇಬಿಗೆ ಹಾಕಿದರು. ಅಧಿಕಾರಿಯ ಎದುರು ಬಂದು ನಿಂತರು.

ಶಬ್ದ ಬರಲಿಲ್ಲ. ಅವರು ಕಾದರು. ಅಧಿಕಾರಿ ಮೊದಲು ಅವರನ್ನು ನೋಡಿದರು, ಆಮೇಲೆ ನನ್ನನ್ನು, ಆಮೇಲೆ ಪೆಟ್ಟಿಗೆಗೆ ಒರಗಿ ನಿಂತರು. ಫೋರ್ಕ್‌ಲಿಫ್ಟ್ ಒಂದು ಸುತ್ತು ಹೋಗಿ ಬಂತು. ಶಬ್ದ ಮುಗಿಸಿಕೊಡಲು ನನ್ನ ನಾಲಿಗೆ ಅಭ್ಯಾಸಬಲದಿಂದ ಮೇಲೆದ್ದಿತು. ಹಲ್ಲು ಕಚ್ಚಿ ಹಿಡಿದೆ.

"… ಮಾಝೀ," ಎಂದರು ಅಕ್ಕಾರು. "ಗಾಡೀ ಮಾಝೀ ಆಹೇ." ಗಾಡಿ ನನ್ನದು ಎಂದು.

ಅಧಿಕಾರಿ ಇನ್ನೂ ಐದಾರು ಪ್ರಶ್ನೆ ಕೇಳಿದರು. ಎಲ್ಲಿಗೆ, ಎಷ್ಟು ತಿಂಗಳಿಗೆ, ವಾಪಸು ಯಾವ ಬಂದರಿನಿಂದ. ಎಲ್ಲಕ್ಕೂ ಅವರೇ ಉತ್ತರಿಸಿದರು, ತಮ್ಮ ಹೊತ್ತು ತೆಗೆದುಕೊಂಡು. ಚಾಸಿಯ ನಂಬರಿನಲ್ಲಿ ಒಂದು ಅಂಕಿ ಮೂರೋ ಎಂಟೋ ಎಂದು ಅಧಿಕಾರಿ ತಡೆದಾಗ, ಅದರ ಮೇಲೆ ಕಾಗದವಿಟ್ಟು ಪೆನ್ಸಿಲ್ ತಿಕ್ಕಿ ಅಚ್ಚು ತೆಗೆದು ತೋರಿಸಿದರು. ಮುದ್ರೆ ಬಿತ್ತು. ಹಲಗೆಗೆ ಮೊಳೆ ಹೊಡೆಯುವ ಕೆಲಸವೊಂದೇ ನನಗೆ ಉಳಿದದ್ದು. ಅದರಲ್ಲೂ ಎರಡು ಮೊಳೆ ಸೊಟ್ಟ ಮಾಡಿದೆ.

ವಾಪಸು ಬರುವಾಗ ಪಿಂಪ್ರಿಯ ಸಿಗ್ನಲ್ಲಿನಲ್ಲಿ ಗಾಡಿ ನಿಂತಿತು. ನಾನು ರಸ್ತೆ ನೋಡುತ್ತಲೇ, ಯಾರ ದನಿಯೋ ತಿಳಿಯದ ದನಿಯಲ್ಲಿ, "ಅಲ್ಲೆ ಬೇಕಂತ ಮಾಡಲಿಲ್ರಿ. ಅದರ ಮೊದಲಿಂದು ಬೇಕಂತನ ಮಾಡಿದ್ದೆ" ಎಂದೆ.

"ಗೊತ್ತದ," ಎಂದರು. "ನಾ ಅದನ್ನ ನಾಕು ಸಲ ಕೇಳೇನಿ. ಆಫೀಸರ್ … ಬರೋಬ್ಬರಿ ಬಂದಾನ. ನಾ ಬಂದಿಲ್ಲ."

"ಅಂದ್ರ?"

"ನಾ ಎಂದೂ ಮೊ-ಮೊ ಅನ್ನಂಗಿಲ್ರಿ. ಮಾತು ಸಿಕ್ಕೊಂಡ್ರ ನಾ … ಸುಮ್ಮ ನಿಲ್ತೀನಿ. ಸಣ್ಣಾಕಿ ಇದ್ದಾಗಿಂದ ಹಂಗs. ನಾಲ್ಕು ವಾರ ಎದುರಿಗೆ ನಿಂತಿದ್ರಿ. ನಿಮ್ಮ ಕಿವಿ ಎಲ್ಲಿತ್ತು?"

ಹಿಂದಿನ ರಿಕ್ಷಾದವನು ಹಾರ್ನ್ ಹೊಡೆಯತೊಡಗಿದ. ಹಸಿರು ಬಿದ್ದು ಎಷ್ಟು ಹೊತ್ತಾಗಿತ್ತೋ. ಲೋಕದ ದನಿಯೆಲ್ಲ ನನ್ನ ಕಿವಿಯಲ್ಲಿದೆ ಎಂದು ಮೆರೆದವನು ನಾನು. ಅವರು ಹೇಳಿದ್ದು ನಿಜವೆಂದು ಆ ಗಳಿಗೆಯಲ್ಲೇ ಗೊತ್ತಾಯಿತು. ನಾನು ತೆಗೆದದ್ದು ಅವರ ದನಿಯನ್ನಲ್ಲ, ಉಗ್ಗುವವರೆಂದರೆ ಹೀಗೆ ಎಂದು ಎಲ್ಲರೂ ಆಡಿಕೊಂಡು ನಗುವ ದನಿಯನ್ನು. ಸುಮ್ಮನೆ ನಿಂತರೆ ಟಪರಿಯಲ್ಲಿ ಯಾರು ನಗುತ್ತಾರೆ?

ಪೆಟ್ಟಿಗೆ ಹಡಗು ಹತ್ತಿತು. ಅಕ್ಕಾರೂ ಹೋದರು. ಎರಡು ಗಡಿ ದಾಟಿದ ಸುದ್ದಿ ಮಾಮಾನ ಮೊಬೈಲಿಗೆ ಬಂದಿದೆ, ಅವರದೇ ದನಿಯಲ್ಲಿ. ನನಗೆ ಕಳಿಸಿಲ್ಲ, ನಾನು ಕೇಳಲೂ ಇಲ್ಲ.

ಗೆಳೆಯರ ಮೊಬೈಲುಗಳಿಂದ ಆ ರೆಕಾರ್ಡಿಂಗನ್ನು ನಾನು ಎದುರು ನಿಂತು ಅಳಿಸಿದೆ. ಆದರೆ ಊರಿನ ಮೊಬೈಲುಗಳಿಂದೆಲ್ಲ ಯಾರು ಅಳಿಸುತ್ತಾರೆ? ಕಳೆದ ತಿಂಗಳು ಪುಣೆಯ ಕ್ಯಾಂಪ್ ಬಡಾವಣೆಯಲ್ಲಿ ಕರಾವಳಿಯವರ ಹೋಟೆಲಿಗೆ ಹೋಗಿದ್ದೆ. ಪಕ್ಕದ ಮೇಜಿನ ಮೂವರು ಅದನ್ನು ಹಾಕಿಕೊಂಡು ನಗುತ್ತಿದ್ದರು. ಅವರಲ್ಲಿ ನಮ್ಮ ಟಪರಿಗೆ ಬರುತ್ತಿದ್ದ ಒಬ್ಬನಿಗೆ ನನ್ನ ಗುರುತು ಸಿಕ್ಕಿತು.

"ಏ, ಇಂವನs ನೋಡ್ರಲೇ! ಒಮ್ಮೆ ಮಾಡೋ ಮಾರಾಯಾ, ಅಕ್ಕಾರ್ದು."

"ಅಕ್ಕಾರು ಹಂಗ ಮಾತಾಡಂಗಿಲ್ಲ" ಎಂದೆ.

"ಮತ್ತ ಹೆಂಗ ಮಾತಾಡ್ತಾರ? ಮಾಡಿ ತೋರ್ಸು."

ಮೂವರೂ ಮುಖ ಎತ್ತಿದರು, ನಗಲು ಬಾಯಿ ಅರ್ಧ ತೆರೆದೇ ಇತ್ತು. ನಾನು ಅಕ್ಕಾರ ಹಾಗೆ ಬಾಯಿ ಮುಚ್ಚಿಕೊಂಡು ನಿಂತೆ. ಅವರು ಕಾದರು. ಒಬ್ಬ, "ಹೂಂ, ಶುರು ಮಾಡು" ಎಂದ. ನಾನು ಇನ್ನೂ ನಿಂತೇ ಇದ್ದೆ. ಕಡೆಗೆ, "ಏನಾಗೇದೋ ಇವಗ" ಎಂದುಕೊಂಡು ಅವರು ತಮ್ಮ ದೋಸೆಗೆ ತಿರುಗಿದರು. ಮಾಣಿ ಬಂದು ಏನು ಕೊಡಲಿ ಎಂದು ಕೇಳಿದಾಗಲೂ ನನ್ನ ಕಿವಿ ಇನ್ನೂ ಸುಡುತ್ತಲೇ ಇತ್ತು.