ಲೂರ್ದಮ್ಮನವರ ಎಡಗೈ

ಸಂಜಯನಗರದ ನಮ್ಮ ಪಕ್ಕದ ಮನೆಯ ಲೂರ್ದಮ್ಮನವರು ಕ್ರಿಸ್‌ಮಸ್ ಹತ್ತಿರ ಬಂದರೆ ನನ್ನ ತಲೆ ಕೆಡಿಸಿಬಿಡುತ್ತಾರೆ. ಜಕ್ಕೂರಿನ ಅನಾಥಾಶ್ರಮದ ಮಕ್ಕಳಿಗೆ ಸ್ವೆಟರ್ ಕೊಳ್ಳಲು ನನ್ನನ್ನೂ ಎಳೆದೊಯ್ದು, ಅಂಗಡಿಯಲ್ಲಿರುವುದನ್ನೆಲ್ಲ ತಮ್ಮ ಕೆನ್ನೆಗೆ ಉಜ್ಜಿ ನೋಡಿ, "ಚುಚ್ಚುತ್ತೆ ಕಣ್ರೀ ರತ್ನಕ್ಕ, ಆ ಮಕ್ಕಳು ಬಾಯ್ಬಿಟ್ಟು ಹೇಳಲ್ಲ" ಎಂದು ಮತ್ತೊಂದು ಅಂಗಡಿಗೆ ಹೊರಡುತ್ತಾರೆ. ಕೊಟ್ಟದ್ದನ್ನು ಮಾತ್ರ ಯಾರಿಗೂ ಹೇಳಬಾರದಂತೆ: "ಬಲಗೈ ಕೊಟ್ಟಿದ್ದು ಎಡಗೈಗೆ ಗೊತ್ತಾಗ್ಬಾರ್ದು ಅಂತ ಯೇಸುಸ್ವಾಮಿ ಹೇಳಿದ್ದಾರೆ." ಹಾಗಾದರೆ ಆಶ್ರಮದವರು ಹೆಸರು ಕೇಳಿದಾಗ ಇವರು ಏನು ಹೇಳುತ್ತಾರೋ, ಸುಳ್ಳಾಡುವುದೂ ಪಾಪವಲ್ಲವೋ, ನನಗೊಂದೂ ತಿಳಿಯುತ್ತಿರಲಿಲ್ಲ. ನಿನ್ನೆ ಆ ಮಕ್ಕಳೇ ಹಾಡುತ್ತ ನಮ್ಮ ಬಾಗಿಲಿಗೆ ಬಂದರು. ಹೊಸ ಸ್ವೆಟರ್ ತೊಟ್ಟ ಪುಟ್ಟ ಹುಡುಗಿ ಕೇಳಿದಳು: "ಸ್ವೆಟರ್ ಕೊಟ್ಟ ರತ್ನಕ್ಕ ನೀವೇನಾ? ದಿನಾ ನಿಮಗೋಸ್ಕರ ಪ್ರಾರ್ಥನೆ ಮಾಡ್ತೀವಿ." ನಾನಲ್ಲ ಎನ್ನಲು ಬಾಯಿ ತೆರೆದೆ. ಪಕ್ಕದ ಮನೆಯ ಕಿಟಕಿಯಲ್ಲಿ ಲೂರ್ದಮ್ಮನವರು ನನ್ನತ್ತ ಕೈಮುಗಿದು ನಿಂತಿದ್ದರು.